ಕರಗಿಹೋದ ಹಿಮದ ಲೆಕ್ಕ

ಮಕ್ಕಳೇ, "ಇಂದಿನ ಗರಿಷ್ಠ ಉಷ್ಣತೆ 34 ಡಿಗ್ರಿ ಸೆಲ್ಸಿಯಸ್" ಎಂದು ರೇಡಿಯೋದಲ್ಲಿ ಹೇಳುವುದನ್ನು ನೀವು ಕೇಳಿರಬಹುದು. ಈ ಸೆಲ್ಸಿಯಸ್ ಎಂಬುದು ಒಬ್ಬ ವಿಜ್ಞಾನಿಯ ಹೆಸರು. ಆಂಡರ್ಸ್ ಸೆಲ್ಸಿಯಸ್ ಯುರೋಪಿನ ಉತ್ತರ ಭಾಗದಲ್ಲಿರುವ ಸ್ವೀಡನ್ ದೇಶದವರು. ಉಷ್ಣತೆಯನ್ನು ಅಳೆಯುವ ಡಿಗ್ರಿಗಳನ್ನು ಕೊಟ್ಟವರು ಎಂದು ನಾವು ಅವರನ್ನು ನೆನೆಯುತ್ತೇವೆ. ಆದರೆ ಅವರು ಇನ್ನೊಂದು ಕೆಲಸವನ್ನೂ ಮಾಡಿದರು. ಅದು ಬಂಡೆಯ ಮೇಲೆ ಗೆರೆ ಕೆತ್ತಿಸಿದ ಕೆಲಸ. ಆ ಗೆರೆಯ ಕತೆಯಿಂದಲೇ ನಮ್ಮ ಪಾಠ ಆರಂಭವಾಗುತ್ತದೆ.

ಬಂಡೆಯ ಮೇಲಿನ ಗೆರೆ

ಸ್ವೀಡನ್ನಿನ ಪೂರ್ವ ಕರಾವಳಿಯ ಜನರು ಒಂದು ವಿಚಿತ್ರವನ್ನು ಬಹಳ ಕಾಲದಿಂದ ಗಮನಿಸಿದ್ದರು. ಸಮುದ್ರ ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತಿತ್ತು. ಸೀಲ್ ಎಂಬ ಕಡಲ ಪ್ರಾಣಿಗಳು ಹತ್ತಿ ಮಲಗುತ್ತಿದ್ದ ಬಂಡೆಗಳು ಮೊದಲು ನೀರಿನ ಮಟ್ಟದಲ್ಲಿದ್ದವು. ಕಾಲ ಕಳೆದಂತೆ ಆ ಬಂಡೆಗಳು ಸೀಲ್‌ಗಳು ಹತ್ತಲಾರದಷ್ಟು ಎತ್ತರವಾದವು. ಲೂಲಿಯೊ ಎಂಬ ಊರಿನ ಬಂದರಿನಲ್ಲಿ ನೀರು ಕಡಿಮೆಯಾಗಿ ಹಡಗುಗಳು ಬರಲಾಗಲಿಲ್ಲ. 1649ರಲ್ಲಿ ಇಡೀ ಪಟ್ಟಣವನ್ನೇ ಸಮುದ್ರದ ಹತ್ತಿರಕ್ಕೆ ಸ್ಥಳಾಂತರಿಸಬೇಕಾಯಿತು.

ಸಮುದ್ರ ಎಷ್ಟು ಇಳಿಯುತ್ತಿದೆ ಎಂದು ಅಳೆದು ತಿಳಿಯಬೇಕೆಂದು ಸೆಲ್ಸಿಯಸ್ ಯೋಚಿಸಿದರು. 1731ರಲ್ಲಿ ಲೋವ್‌ಗ್ರುಂಡ್ ಎಂಬ ಪುಟ್ಟ ದ್ವೀಪದ ಬಂಡೆಯೊಂದರ ಮೇಲೆ, ಆ ದಿನ ನೀರು ಎಲ್ಲಿಯವರೆಗೆ ಇತ್ತೋ ಅಲ್ಲಿ ಒಂದು ಗೆರೆ ಕೆತ್ತಿಸಿದರು. ಇಂದು ಆ ಗೆರೆ ನೀರಿನಿಂದ ಬಹಳ ಮೇಲಿದೆ.

ಸಮುದ್ರದ ನೀರು ಕಡಿಮೆಯಾಗುತ್ತಿದೆ ಎಂದು ಸೆಲ್ಸಿಯಸ್ ತಿಳಿದಿದ್ದರು. ಆದರೆ ನಿಜ ಸಂಗತಿ ಬೇರೆಯೇ ಆಗಿತ್ತು. ಅಲ್ಲಿ ನೀರು ಇಳಿಯುತ್ತಿರಲಿಲ್ಲ, ನೆಲವೇ ಮೇಲೇಳುತ್ತಿತ್ತು! ಈಗಲೂ ಏಳುತ್ತಿದೆ. ಸ್ವೀಡನ್ ಮತ್ತು ಫಿನ್ಲೆಂಡ್ ದೇಶಗಳ ನಡುವೆ ಕ್ವಾರ್ಕೆನ್ ಎಂಬ ದ್ವೀಪಗಳ ಗುಂಪಿದೆ. ಅಲ್ಲಿ ನೆಲ ವರ್ಷಕ್ಕೆ ಸುಮಾರು 8 ಮಿಲಿಮೀಟರ್ ಏಳುತ್ತದೆ. ಪ್ರತಿ ವರ್ಷ ಸುಮಾರು ಒಂದು ಚದರ ಕಿಲೋಮೀಟರ್ ಹೊಸ ನೆಲ ಸಮುದ್ರದಿಂದ ಹೊರಬರುತ್ತದೆ.

ಅಷ್ಟು ದೊಡ್ಡ ನೆಲವನ್ನು ಮೇಲೆತ್ತುವವರು ಯಾರು?

ಭಾರ ಇಳಿದ ನೆಲ

ಹತ್ತಿಯ ಹಾಸಿಗೆಯ ಮೇಲೆ ನೀವು ಬಹಳ ಹೊತ್ತು ಕುಳಿತು ಎದ್ದಿದ್ದೀರಾ? ಕುಳಿತ ಜಾಗ ತಗ್ಗಾಗಿರುತ್ತದೆ. ನೀವು ಎದ್ದ ಕೂಡಲೇ ಅದು ಸರಿಯಾಗುವುದಿಲ್ಲ, ನಿಧಾನವಾಗಿ ಮೇಲೇಳುತ್ತದೆ. ಸ್ವೀಡನ್ನಿನ ನೆಲದ ಕತೆಯೂ ಹೀಗೆಯೇ. ಅದರ ಮೇಲೆ ಬಹಳ ಹಿಂದೆ ಒಂದು ದೊಡ್ಡ ಭಾರ ಕುಳಿತಿತ್ತು. ಆ ಭಾರ ಎದ್ದುಹೋಗಿ ಸಾವಿರಾರು ವರ್ಷಗಳಾದವು. ನೆಲ ಇನ್ನೂ ಮೇಲೇಳುತ್ತಲೇ ಇದೆ. ಭಾರದಿಂದ ನೆಲ ಕುಸಿದಿತ್ತು ಎಂಬ ಈ ವಿಚಾರವನ್ನು ಸ್ಕಾಟ್ಲೆಂಡಿನ ಥಾಮಸ್ ಜೇಮಿಸನ್ 1865ರಲ್ಲಿ ಮುಂದಿಟ್ಟರು.

ಆ ಭಾರ ಯಾವುದು? ಮಂಜುಗಡ್ಡೆ.

ಆಕಾಶದಿಂದ ಹತ್ತಿಯ ಎಸಳಿನಂತೆ ಬೀಳುವುದು ಹಿಮ. ವರ್ಷ ವರ್ಷ ಬಿದ್ದ ಹಿಮ ಕರಗದೆ ಒಂದರ ಮೇಲೊಂದು ಕೂತರೆ, ಕೆಳಗಿನ ಪದರ ಒತ್ತಿ ಗಟ್ಟಿಯಾಗಿ ಮಂಜುಗಡ್ಡೆಯಾಗುತ್ತದೆ. ಹೀಗೆ ಒಂದು ದೇಶವನ್ನೇ, ಕೆಲವೊಮ್ಮೆ ಒಂದು ಖಂಡವನ್ನೇ ಮುಚ್ಚುವ ಮಂಜುಗಡ್ಡೆಯನ್ನು ಹಿಮಹೊದಿಕೆ ಎನ್ನುತ್ತಾರೆ.

ಇಂದು ಭೂಮಿಯ ಮೇಲೆ ಎರಡೇ ಹಿಮಹೊದಿಕೆಗಳಿವೆ. ಒಂದು ದಕ್ಷಿಣ ಧ್ರುವದ ಅಂಟಾರ್ಕ್ಟಿಕಾದಲ್ಲಿ, ಇನ್ನೊಂದು ಉತ್ತರದ ಗ್ರೀನ್‌ಲೆಂಡಿನಲ್ಲಿ. ಆದರೆ ಸುಮಾರು 21,000 ವರ್ಷಗಳ ಹಿಂದೆ ಹೀಗಿರಲಿಲ್ಲ. ಆಗ ಸ್ವೀಡನ್, ನಾರ್ವೆ, ಫಿನ್ಲೆಂಡ್ ದೇಶಗಳು ಪೂರ್ತಿಯಾಗಿ ಮಂಜುಗಡ್ಡೆಯ ಅಡಿಯಲ್ಲಿದ್ದವು. ಈಗ ಜರ್ಮನಿಯ ಬರ್ಲಿನ್ ನಗರ ಇರುವ ಜಾಗವೂ ಮಂಜುಗಡ್ಡೆಯ ಕೆಳಗಿತ್ತು. ಅಟ್ಲಾಂಟಿಕ್ ಸಾಗರದ ಆಚೆ ಕೆನಡಾ ದೇಶದ ಬಹುಭಾಗವನ್ನು ಇನ್ನೂ ದೊಡ್ಡದಾದ ಹಿಮಹೊದಿಕೆ ಮುಚ್ಚಿತ್ತು. ಅದರ ದಕ್ಷಿಣದ ಅಂಚು ಈಗಿನ ನ್ಯೂಯಾರ್ಕ್ ನಗರದವರೆಗೆ ಬಂದಿತ್ತು. ಇದನ್ನೇ ಹಿಮಯುಗ ಎಂದು ಕರೆಯುತ್ತೇವೆ.

ಇಷ್ಟೊಂದು ಮಂಜುಗಡ್ಡೆಗೆ ನೀರು ಎಲ್ಲಿಂದ ಬಂತು? ಸಮುದ್ರದಿಂದಲೇ. ಸಮುದ್ರದ ನೀರು ಆವಿಯಾಗಿ, ಮೋಡವಾಗಿ, ಹಿಮವಾಗಿ ಬಿತ್ತು. ಕರಗದೆ ಅಲ್ಲಿಯೇ ಉಳಿಯಿತು. ಆದುದರಿಂದ ಪ್ರಪಂಚದ ಸಮುದ್ರಗಳೆಲ್ಲ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿದ್ದವು. ನಮ್ಮ ಅರಬ್ಬೀ ಸಮುದ್ರವೂ ಹಾಗೆಯೇ ಇತ್ತು. ಬೇಕಲ ಕೋಟೆಯ ಬುಡಕ್ಕೆ ಇಂದು ತೆರೆ ಬಂದು ಬಡಿಯುತ್ತದೆಯಲ್ಲವೇ? ಆ ಕಾಲದಲ್ಲಿ ಅಲ್ಲಿ ನಿಂತವರು ಸಮುದ್ರವನ್ನು ಮುಟ್ಟಲು ಪಶ್ಚಿಮಕ್ಕೆ ಹತ್ತಾರು ಕಿಲೋಮೀಟರ್ ನಡೆಯಬೇಕಾಗಿತ್ತು. ನಮ್ಮ ನಾಡಿನಲ್ಲಿ ಹಿಮಹೊದಿಕೆ ಇರಲಿಲ್ಲ. ಆದರೂ ದೂರದ ಆ ಮಂಜುಗಡ್ಡೆ ನಮ್ಮ ಕರಾವಳಿಯ ಗೆರೆಯನ್ನೇ ಬದಲಿಸಿತ್ತು.

ಕಲ್ಲುಗಳು ಹೇಳಿದ ಸಾಕ್ಷಿ

ಕರಗಿಹೋದ ಮಂಜುಗಡ್ಡೆಯನ್ನು ಯಾರೂ ನೋಡಿ ಬರೆದಿಟ್ಟಿಲ್ಲ. ಹಾಗಾದರೆ ಅದು ಇತ್ತು ಎಂದು ತಿಳಿದದ್ದು ಹೇಗೆ?

ಯುರೋಪಿನ ಆಲ್ಪ್ಸ್ ಪರ್ವತದಲ್ಲಿ ಜೀನ್ ಪಿಯೆರ್ ಪೆರೊಡಿನ್ ಎಂಬ ಬೇಟೆಗಾರನಿದ್ದ. ಕಣಿವೆಯ ಕೆಳಗೆ ದೊಡ್ಡ ದೊಡ್ಡ ಬಂಡೆಗಳು ಬಿದ್ದಿರುವುದನ್ನು ಅವನು ನೋಡುತ್ತಿದ್ದ. ಆ ಜಾತಿಯ ಕಲ್ಲು ಸುತ್ತಮುತ್ತ ಎಲ್ಲಿಯೂ ಇರಲಿಲ್ಲ. ದೂರದ ಬೆಟ್ಟದಲ್ಲಿ ಮಾತ್ರ ಇತ್ತು. ಅವುಗಳನ್ನು ಹೊತ್ತು ತಂದದ್ದು ಮಂಜುಗಡ್ಡೆಯೇ ಇರಬೇಕು, ಹಿಂದೆ ಅದು ಇಲ್ಲಿಯವರೆಗೆ ಬಂದಿರಬೇಕು ಎಂದು ಅವನು 1815ರಲ್ಲಿ ಷಾರ್ಪೆಂಟಿಯೆ ಎಂಬ ಗಣಿ ತಜ್ಞರಿಗೆ ಹೇಳಿದ. ಅವರು ಮೊದಲು ನಂಬಲಿಲ್ಲ. ವರ್ಷಗಳ ಅನಂತರ ತಾವೇ ನೋಡಿ ಒಪ್ಪಿಕೊಂಡರು. 1837ರಲ್ಲಿ ಲೂಯಿ ಅಗಾಸಿ ಎಂಬ ವಿಜ್ಞಾನಿ ಹಿಮಯುಗದ ವಿಚಾರವನ್ನು ವಿದ್ವಾಂಸರ ಸಭೆಯ ಮುಂದೆ ಮಂಡಿಸಿದರು.

ಮಂಜುಗಡ್ಡೆ ಜಾರುವಾಗ ಅದರ ಅಡಿಯಲ್ಲಿ ಸಿಕ್ಕಿದ ಕಲ್ಲುಗಳು ನೆಲದ ಬಂಡೆಯನ್ನು ಗೀರುತ್ತವೆ. ಆ ಗೀರುಗಳು ಮಂಜುಗಡ್ಡೆ ಹರಿದ ದಿಕ್ಕನ್ನು ತೋರಿಸುತ್ತವೆ. ಅಂಚಿನಲ್ಲಿ ಅದು ತಂದು ಸುರಿದ ಕಲ್ಲು ಮಣ್ಣಿನ ದಿಬ್ಬಗಳು, ಅದು ಎಲ್ಲಿಯವರೆಗೆ ಬಂದಿತ್ತು ಎಂದು ತೋರಿಸುತ್ತವೆ.

ಆದರೆ ಕಲ್ಲುಗಳು ಎಲ್ಲವನ್ನೂ ಹೇಳುವುದಿಲ್ಲ. ನಡುಭಾಗದಲ್ಲಿ ಮಂಜುಗಡ್ಡೆ ಎಷ್ಟು ದಪ್ಪವಾಗಿತ್ತು? ಬೆಳೆಯಲು ಎಷ್ಟು ಕಾಲ ಬೇಕಾಯಿತು? ಕರಗಲು ಎಷ್ಟು ಕಾಲ ಹಿಡಿಯಿತು? ಏಕೆ ಕರಗಿತು? ಈ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ಲೆಕ್ಕ ಮಾಡಬೇಕು.

ಲೆಕ್ಕಕ್ಕೆ ನಾಲ್ಕು ನಿಯಮಗಳು

ಮನೆಯ ಜಮಾ-ಖರ್ಚಿನ ಪುಸ್ತಕವನ್ನು ನೋಡಿದ್ದೀರಲ್ಲವೇ? ಬಂದದ್ದು ಒಂದು ಕಡೆ, ಹೋದದ್ದು ಇನ್ನೊಂದು ಕಡೆ. ಬಂದದ್ದು ಹೆಚ್ಚಾದರೆ ಉಳಿತಾಯ ಬೆಳೆಯುತ್ತದೆ. ಹೋದದ್ದು ಹೆಚ್ಚಾದರೆ ಉಳಿತಾಯ ಕರಗುತ್ತದೆ. ಹಿಮಹೊದಿಕೆಯ ಲೆಕ್ಕವೂ ಹೀಗೆಯೇ ಆರಂಭವಾಗುತ್ತದೆ.

ಮೊದಲನೆಯ ನಿಯಮ: ಬಿದ್ದ ಹಿಮ ಜಮಾ, ಕರಗಿದ ಹಿಮ ಖರ್ಚು. ಚಳಿಗಾಲದಲ್ಲಿ ಎಷ್ಟು ಹಿಮ ಬಿತ್ತು ಎಂಬುದು ಮಾತ್ರ ಮುಖ್ಯವಲ್ಲ. ಬೇಸಿಗೆಯಲ್ಲಿ ಎಷ್ಟು ಕರಗಿತು ಎಂಬುದು ಅದಕ್ಕಿಂತ ಮುಖ್ಯ.

ಎರಡನೆಯ ನಿಯಮ: ಎತ್ತರಕ್ಕೆ ಹೋದಂತೆ ಚಳಿ ಹೆಚ್ಚು. ಬಯಲು ಸೀಮೆಯಲ್ಲಿ ಸೆಕೆ ಇದ್ದಾಗಲೂ ಊಟಿಯಲ್ಲಿ ಕಂಬಳಿ ಬೇಕು. ಒಂದು ಕಿಲೋಮೀಟರ್ ಮೇಲೆ ಹೋದರೆ ಉಷ್ಣತೆ ಸುಮಾರು 6 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಆದುದರಿಂದ ಹಿಮಹೊದಿಕೆ ದಪ್ಪವಾದಂತೆ ಅದರ ನೆತ್ತಿ ಇನ್ನೂ ತಂಪಾಗುತ್ತದೆ, ಕರಗುವುದು ಇನ್ನೂ ಕಡಿಮೆಯಾಗುತ್ತದೆ. ಅದು ತೆಳ್ಳಗಾದರೆ ನೆತ್ತಿ ಕೆಳಗಿಳಿದು ಬೇಗ ಬೇಗ ಕರಗುತ್ತದೆ.

ಮೂರನೆಯ ನಿಯಮ: ಮಂಜುಗಡ್ಡೆ ಹರಿಯುತ್ತದೆ. ಕಾವಲಿಯ ನಡುವೆ ಹುಯ್ದ ದೋಸೆಯ ಹಿಟ್ಟು ತನ್ನ ಭಾರದಿಂದಲೇ ಸುತ್ತಲೂ ಹರಡುವುದನ್ನು ನೋಡಿದ್ದೀರಿ. ಮಂಜುಗಡ್ಡೆ ಗಟ್ಟಿಯಾಗಿ ಕಂಡರೂ ದೊಡ್ಡ ರಾಶಿಯಾದಾಗ ಹೀಗೆಯೇ ಹರಡುತ್ತದೆ, ಆದರೆ ಅತಿ ನಿಧಾನವಾಗಿ. 1950ರ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜಾನ್ ಗ್ಲೆನ್ ಎಂಬ ವಿಜ್ಞಾನಿ ಮಂಜುಗಡ್ಡೆಯ ತುಂಡುಗಳ ಮೇಲೆ ಭಾರ ಹೇರಿ ಇದನ್ನು ಅಳೆದರು. ಒತ್ತಡ ಎರಡು ಪಟ್ಟಾದರೆ ಹರಿಯುವ ವೇಗ ಎರಡು ಪಟ್ಟಲ್ಲ, ಸುಮಾರು ಎಂಟು ಪಟ್ಟು ಆಗುತ್ತದೆ ಎಂದು ತಿಳಿಯಿತು.

ನಾಲ್ಕನೆಯ ನಿಯಮ: ನೆಲ ಕುಸಿಯುತ್ತದೆ. ಮೂರು ಕಿಲೋಮೀಟರ್ ದಪ್ಪದ ಮಂಜುಗಡ್ಡೆ ಬಹಳ ಕಾಲ ಕೂತರೆ ಅಡಿಯ ನೆಲ ಸುಮಾರು 800 ಮೀಟರ್ ಕುಸಿಯಬಲ್ಲದು. ಕುಸಿಯುವುದಕ್ಕೂ ಮತ್ತೆ ಏಳುವುದಕ್ಕೂ ಸಾವಿರಾರು ವರ್ಷ ಬೇಕು.

ಈ ನಿಯಮಗಳನ್ನು ಹಿಡಿದು ಲೆಕ್ಕ ಮಾಡಿ, ನಡೆದುಹೋದದ್ದನ್ನು ಮತ್ತೆ ಕಟ್ಟಿ ನೋಡುವುದನ್ನು ಮಾದರಿ ಎನ್ನುತ್ತಾರೆ. ಮಣ್ಣಿನಿಂದ ಮಾಡಿದ ಮನೆಯ ಮಾದರಿ ನಿಮಗೆ ಗೊತ್ತು. ಇದು ಸಂಖ್ಯೆಗಳಿಂದ ಮಾಡಿದ ಮಾದರಿ.

ಹುಣಸೆ ಬೀಜದ ಹಿಮಹೊದಿಕೆ

ಬನ್ನಿ, ನಾವೂ ಒಂದು ಪುಟ್ಟ ಮಾದರಿ ಮಾಡೋಣ. ಹತ್ತು ಹನ್ನೆರಡು ಹುಣಸೆ ಬೀಜ ಬೇಕು. ನೆಲದ ಮೇಲೆ ಸಾಲಾಗಿ ನಾಲ್ಕು ಮನೆ ಬರೆಯಿರಿ. ಮನೆಯಲ್ಲಿ ಚೆನ್ನೆಮಣೆ ಇದ್ದರೆ ಅದರ ನಾಲ್ಕು ಗುಳಿಗಳೇ ಸಾಕು. 1ನೆಯ ಮನೆ ಉತ್ತರದ ಚಳಿ ಪ್ರದೇಶ. 4ನೆಯ ಮನೆ ದಕ್ಷಿಣದ ಬೆಚ್ಚಗಿನ ಪ್ರದೇಶ. ಬೀಜವೇ ಮಂಜುಗಡ್ಡೆ.

ಪ್ರತಿ ಸುತ್ತಿನಲ್ಲಿಯೂ ಮೂರು ಕೆಲಸಗಳನ್ನು ಈ ಕ್ರಮದಲ್ಲಿಯೇ ಮಾಡಬೇಕು.

ಒಂದು: 1ನೆಯ ಮನೆಗೆ ಒಂದು ಬೀಜ ಹಾಕಿ. ಇದು ಬಿದ್ದ ಹಿಮ.

ಎರಡು: 1, 2, 3ನೆಯ ಮನೆಗಳನ್ನು ಒಂದೊಂದಾಗಿ ನೋಡಿ. ಒಂದು ಮನೆಯಲ್ಲಿ ಅದರ ಮುಂದಿನ ಮನೆಗಿಂತ ಎರಡು ಅಥವಾ ಹೆಚ್ಚು ಬೀಜ ಅಧಿಕವಾಗಿದ್ದರೆ, ಒಂದು ಬೀಜವನ್ನು ಮುಂದಿನ ಮನೆಗೆ ಸರಿಸಿ. ಇದು ಮಂಜುಗಡ್ಡೆಯ ಹರಿವು.

ಮೂರು: 4ನೆಯ ಮನೆಗೆ ಬೀಜ ಬಂದಿದ್ದರೆ ಅದನ್ನು ತೆಗೆದುಬಿಡಿ. ಇದು ಕರಗಿದ ಮಂಜುಗಡ್ಡೆ.

ಸುತ್ತು ಮುಗಿದಾಗ ಪ್ರತಿ ಮನೆಯಲ್ಲಿ ಎಷ್ಟು ಬೀಜ ಉಳಿಯಿತೆಂದು ಬರೆದುಕೊಳ್ಳಿ. ನಿಮಗೆ ಹೀಗೆ ಬರಬೇಕು:

1ನೆಯ ಸುತ್ತು: 1, 0, 0, 0
2ನೆಯ ಸುತ್ತು: 1, 1, 0, 0
3ನೆಯ ಸುತ್ತು: 2, 1, 0, 0
4ನೆಯ ಸುತ್ತು: 2, 1, 1, 0
5ನೆಯ ಸುತ್ತು: 2, 2, 1, 0
6ನೆಯ ಸುತ್ತು: 3, 2, 1, 0
7ನೆಯ ಸುತ್ತು: 3, 2, 1, 0
8ನೆಯ ಸುತ್ತು: 3, 2, 1, 0

6ನೆಯ ಸುತ್ತಿನ ಬಳಿಕ ಸಂಖ್ಯೆಗಳು ಬದಲಾಗಲಿಲ್ಲ, ಗಮನಿಸಿದಿರಾ? ಹಿಮ ಬೀಳುವುದು ನಿಂತಿಲ್ಲ. ಮಂಜುಗಡ್ಡೆ ಹರಿಯುವುದೂ ನಿಂತಿಲ್ಲ. ಪ್ರತಿ ಸುತ್ತಿನಲ್ಲಿ ಒಂದು ಬೀಜ ಬರುತ್ತದೆ, ಒಂದು ಬೀಜ ಹೋಗುತ್ತದೆ. ಜಮಾ-ಖರ್ಚು ಸಮವಾಗಿದೆ. ನೋಡುವವರಿಗೆ ಹಿಮಹೊದಿಕೆ ಸುಮ್ಮನೆ ಕೂತಂತೆ ಕಾಣುತ್ತದೆ.

ಈಗ ಲೋಕ ಸ್ವಲ್ಪ ಬೆಚ್ಚಗಾಯಿತು ಎನ್ನೋಣ. ಮೂರನೆಯ ಕೆಲಸವನ್ನು ಮಾತ್ರ ಬದಲಿಸಿ. 3ನೆಯ ಮತ್ತು 4ನೆಯ ಮನೆಗಳೆರಡರಿಂದಲೂ ಒಂದೊಂದು ಬೀಜ ತೆಗೆಯಿರಿ. ಮುಂದಿನ ಸುತ್ತಿನಲ್ಲಿಯೇ 3, 2, 0, 0 ಬರುತ್ತದೆ. ಮಂಜುಗಡ್ಡೆಯ ಅಂಚು 3ನೆಯ ಮನೆಯಿಂದ 2ನೆಯ ಮನೆಗೆ ಹಿಂದೆ ಸರಿಯಿತು. ಉತ್ತರದಲ್ಲಿ ಹಿಮ ಮೊದಲಿನಷ್ಟೇ ಬೀಳುತ್ತಿದೆ. ಆದರೂ ಅಂಚು ಹಿಂದೆ ಸರಿಯಿತು.

ವಿಜ್ಞಾನಿಗಳು ಮಾಡುವುದೂ ಇದೇ ಕೆಲಸ. ಅವರು ಯುರೋಪ್, ಅಮೆರಿಕಗಳ ಭೂಪಟದ ಮೇಲೆ ಸಾವಿರಾರು ಚೌಕಗಳನ್ನು ಎಳೆಯುತ್ತಾರೆ. ಪ್ರತಿ ಚೌಕಕ್ಕೂ ಹಿಮ, ಕರಗುವಿಕೆ, ಹರಿವು, ನೆಲದ ಕುಸಿತ ಇವುಗಳ ಲೆಕ್ಕ ಮಾಡುತ್ತಾರೆ. ಒಂದು ಸುತ್ತು ಮುಗಿದರೆ ಸ್ವಲ್ಪ ಕಾಲ ಮುಂದೆ ಹೋಯಿತು. ಮತ್ತೆ ಮೊದಲಿನಿಂದ ಲೆಕ್ಕ. ಹೀಗೆ ಲಕ್ಷಾಂತರ ಸುತ್ತುಗಳು. ಇದನ್ನು ಕೈಯಿಂದ ಮಾಡಲು ಒಬ್ಬರ ಆಯುಷ್ಯ ಸಾಲದು. ಆದುದರಿಂದ ಕಂಪ್ಯೂಟರಿಗೆ ಅಂದರೆ ಗಣಕಯಂತ್ರಕ್ಕೆ ಈ ಕೆಲಸವನ್ನು ಕೊಡುತ್ತಾರೆ. ಕಂಪ್ಯೂಟರ್ ತಾನಾಗಿ ಏನನ್ನೂ ಊಹಿಸುವುದಿಲ್ಲ. ಕೊಟ್ಟ ನಿಯಮದಂತೆ ಬೇಸರವಿಲ್ಲದೆ ಲೆಕ್ಕ ಮಾಡುತ್ತದೆ, ಅಷ್ಟೆ.

ಬಿಸಿಲು ಹೆಚ್ಚು ಕಡಿಮೆ ಮಾಡಿದವರು ಯಾರು?

ನಮ್ಮ ಆಟದಲ್ಲಿ ಲೋಕವನ್ನು ಬೆಚ್ಚಗೆ ಮಾಡಿದವರು ನಾವು. ನಿಜವಾದ ಹಿಮಯುಗದಲ್ಲಿ ಇದನ್ನು ಮಾಡಿದ್ದು ಯಾವುದು?

ಇದಕ್ಕೆ ಉತ್ತರ ಹುಡುಕಿದವರಲ್ಲಿ ಒಬ್ಬರು ಸ್ಕಾಟ್ಲೆಂಡಿನ ಜೇಮ್ಸ್ ಕ್ರಾಲ್. ಬಡತನದಿಂದ 13ನೆಯ ವಯಸ್ಸಿನಲ್ಲಿಯೇ ಅವರು ಶಾಲೆ ಬಿಡಬೇಕಾಯಿತು. 1859ರಲ್ಲಿ ಗ್ಲಾಸ್ಗೋ ನಗರದ ಕಾಲೇಜು ಮತ್ತು ವಸ್ತುಸಂಗ್ರಹಾಲಯವೊಂದರಲ್ಲಿ ಬಾಗಿಲು ಕಾಯುವ, ಕಸ ಗುಡಿಸುವ ಕೆಲಸಕ್ಕೆ ಸೇರಿದರು. ಅಲ್ಲಿ ಒಳ್ಳೆಯ ಗ್ರಂಥಾಲಯವಿತ್ತು. ಬಿಡುವಿನಲ್ಲಿ ಅಲ್ಲಿಯ ಪುಸ್ತಕಗಳನ್ನು ಓದಿದರು. ಭೂಮಿ ಸೂರ್ಯನನ್ನು ಸುತ್ತುವ ದಾರಿ ಬದಲಾಗುವುದೇ ಹಿಮಯುಗಕ್ಕೆ ಕಾರಣವೆಂದು 1864ರಲ್ಲಿ ಲೇಖನ ಬರೆದರು.

ಇದೇ ವಿಚಾರವನ್ನು ಮುಂದುವರಿಸಿದವರು ಸರ್ಬಿಯಾ ದೇಶದ ಮಿಲುಟಿನ್ ಮಿಲಂಕೋವಿಚ್. ಭೂಮಿಯ ನಡಿಗೆಯಲ್ಲಿ ಮೂರು ನಿಧಾನದ ಬದಲಾವಣೆಗಳಿವೆ. ಅದು ಸುತ್ತುವ ದಾರಿ ಸುಮಾರು 1 ಲಕ್ಷ ವರ್ಷಕ್ಕೊಮ್ಮೆ ಸ್ವಲ್ಪ ಉದ್ದವಾಗಿ ಮತ್ತೆ ದುಂಡಗಾಗುತ್ತದೆ. ಭೂಮಿಯ ವಾಲುವಿಕೆ 41,000 ವರ್ಷಕ್ಕೊಮ್ಮೆ ಹೆಚ್ಚು ಕಡಿಮೆಯಾಗುತ್ತದೆ. ವೇಗ ಕಡಿಮೆಯಾದ ಬುಗುರಿಯ ತಲೆ ಸುತ್ತುವಂತೆ ಭೂಮಿಯ ಅಕ್ಷವೂ ಸುಮಾರು 26,000 ವರ್ಷಕ್ಕೊಮ್ಮೆ ಒಂದು ಸುತ್ತು ಬರುತ್ತದೆ. ಇವು ಮೂರೂ ಸೇರಿ ಉತ್ತರದ ದೇಶಗಳ ಬೇಸಿಗೆಯ ಬಿಸಿಲನ್ನು ಏರಿಸುತ್ತವೆ, ಇಳಿಸುತ್ತವೆ. ಬೇಸಿಗೆ ತಂಪಾದಾಗ ಹಿಮ ಕರಗದೆ ಉಳಿಯುತ್ತದೆ.

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಮಿಲಂಕೋವಿಚ್ ಅವರನ್ನು ಬಂಧಿಸಿದರು. ಬಳಿಕ ಬುಡಾಪೆಸ್ಟ್ ನಗರದಲ್ಲಿ ಕಾವಲಿನಲ್ಲಿದ್ದಾಗ ಅಲ್ಲಿಯ ಗ್ರಂಥಾಲಯದಲ್ಲಿ ಕೂತು ಲೆಕ್ಕ ಮಾಡಲು ಅವರಿಗೆ ಅನುಮತಿ ಸಿಕ್ಕಿತು. ಆಗ ಕಂಪ್ಯೂಟರ್ ಇರಲಿಲ್ಲ. ಕಾಗದ ಮತ್ತು ಲೇಖನಿಯೇ ಸಾಧನ. ಮುಂದೆ ಅವರು ಸುಮಾರು 6 ಲಕ್ಷ ವರ್ಷಗಳ ಬಿಸಿಲಿನ ಲೆಕ್ಕವನ್ನು ಮಾಡಿ ಮುಗಿಸಿದರು. 1941ರಲ್ಲಿ ಅವರ ದೊಡ್ಡ ಗ್ರಂಥ ಪ್ರಕಟವಾಯಿತು.

ನಿಧಾನವಾಗಿ ಬೆಳೆದು ಬೇಗ ಕರಗಿದ್ದೇಕೆ?

ಒಂದು ಒಗಟು ಮಾತ್ರ ಬಿಡಿಸದೆ ಉಳಿಯಿತು. ಹಿಂದಿನ ಹಿಮಯುಗಗಳು ಸುಮಾರು 1 ಲಕ್ಷ ವರ್ಷಕ್ಕೊಮ್ಮೆ ಬಂದವು. ಹಿಮಹೊದಿಕೆ ಬೆಳೆಯಲು ಹಲವು ಹತ್ತು ಸಾವಿರ ವರ್ಷಗಳು ಬೇಕಾದವು. ಕರಗಲು ಮಾತ್ರ ಸುಮಾರು 10,000 ವರ್ಷ ಸಾಕಾಯಿತು. ಬಿಸಿಲು ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ. ಹಾಗಾದರೆ ಮಂಜುಗಡ್ಡೆ ಅಷ್ಟು ಬೇಗ ಕರಗಿದ್ದು ಹೇಗೆ?

ಜಪಾನಿನ ವಿಜ್ಞಾನಿ ಅಯಾಕೊ ಅಬೆ-ಔಚಿ ಮತ್ತು ಅವರ ಜೊತೆಗಾರರು ಕಂಪ್ಯೂಟರ್ ಮಾದರಿಯಿಂದ ಇದನ್ನು ಪರೀಕ್ಷಿಸಿದರು. ಅವರ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಅವರ ಮಾದರಿ ಹೇಳಿದ ಕತೆ ಹೀಗಿದೆ.

ಹಿಮಹೊದಿಕೆ ಚಿಕ್ಕದಾಗಿದ್ದಾಗ ಉತ್ತರದ ಚಳಿಯಲ್ಲಿಯೇ ಇರುತ್ತದೆ. ಬೇಸಿಗೆಯ ಬಿಸಿಲು ಸ್ವಲ್ಪ ಹೆಚ್ಚಾದರೂ ಅದು ಪೂರ್ತಿಯಾಗಿ ಕರಗುವುದಿಲ್ಲ. ಉತ್ತರ ಅಮೆರಿಕದ ಹಿಮಹೊದಿಕೆ ಹೀಗೆ ಬಿಸಿಲನ್ನು ತಡೆದುಕೊಂಡು ಬೆಳೆಯುತ್ತಾ ದಕ್ಷಿಣದ ಬೆಚ್ಚಗಿನ ಪ್ರದೇಶದವರೆಗೆ ಹರಡಿತು. ಅದರ ಭಾರದಿಂದ ನೆಲ ಆಳವಾಗಿ ಕುಸಿಯಿತು. ಆಗ ಬಿಸಿಲು ಮತ್ತೆ ಏರಿತು. ಅಂಚು ಕರಗಿ ತೆಳ್ಳಗಾಯಿತು. ನೆಲ ಕೂಡಲೇ ಮೇಲೆದ್ದು ಮಂಜುಗಡ್ಡೆಯನ್ನು ಎತ್ತರದ ಚಳಿಗೆ ಎತ್ತಿ ಹಿಡಿಯಲಿಲ್ಲ. ಅದು ಹತ್ತಿಯ ಹಾಸಿಗೆಯಂತೆ ತಗ್ಗಾಗಿಯೇ ಇತ್ತು. ಮಂಜುಗಡ್ಡೆಯ ನೆತ್ತಿ ತಗ್ಗಿನ ಬೆಚ್ಚಗಿನ ಗಾಳಿಗೆ ಸಿಕ್ಕಿತು. ಕರಗಿದಷ್ಟೂ ತಗ್ಗಿತು, ತಗ್ಗಿದಷ್ಟೂ ಕರಗಿತು.

ಇದು ಸರಿಯೇ ಎಂದು ತಿಳಿಯಲು ಅವರು ಮಾದರಿಯ ಒಂದು ನಿಯಮವನ್ನು ಬೇಕೆಂದೇ ಬದಲಿಸಿದರು. ಭಾರ ಇಳಿದ ಕೂಡಲೇ ನೆಲ ಮೇಲೇಳುತ್ತದೆ ಎಂದು ಬರೆದರು. ಆಗ 1 ಲಕ್ಷ ವರ್ಷದ ಏರಿಳಿತ ಸರಿಯಾಗಿ ಬರಲಿಲ್ಲ. ನೆಲ ನಿಧಾನವಾಗಿ ಏಳುವುದು ಎಷ್ಟು ಮುಖ್ಯ ಎಂದು ಇದರಿಂದ ತಿಳಿಯಿತು. ನಿಜವಾದ ಭೂಮಿಯಲ್ಲಿ ಇಂಥ ಪ್ರಯೋಗ ಮಾಡಲು ಸಾಧ್ಯವೇ? ಇಲ್ಲ. ಮಾದರಿಯಲ್ಲಿ ಮಾತ್ರ ಸಾಧ್ಯ.

ಲೆಕ್ಕಕ್ಕೂ ಪರೀಕ್ಷೆ

ಕಂಪ್ಯೂಟರಿನಿಂದ ಬಂದ ಉತ್ತರವೆಲ್ಲ ಸರಿ ಎಂದು ತಿಳಿಯಬಾರದು. ನಿಯಮ ತಪ್ಪಾಗಿದ್ದರೆ ಉತ್ತರವೂ ತಪ್ಪು. ಆದುದರಿಂದ ಮಾದರಿಯನ್ನು ಪರೀಕ್ಷೆಗೆ ಕೂರಿಸುತ್ತಾರೆ. ಪ್ರಶ್ನೆಗಳು ಇಂಥವು.

ಮಾದರಿಯಲ್ಲಿ ಮಂಜುಗಡ್ಡೆಯ ಅಂಚು ಕಲ್ಲಿನ ದಿಬ್ಬಗಳು ಇರುವಲ್ಲಿಯೇ ನಿಂತಿತೇ? ಅದು ಹರಿದ ದಿಕ್ಕು ಬಂಡೆಯ ಗೀರುಗಳಿಗೆ ಹೊಂದುತ್ತದೆಯೇ? ಮಂಜುಗಡ್ಡೆಯೆಲ್ಲ ಸೇರಿ ಸಮುದ್ರ ಸುಮಾರು 120 ಮೀಟರ್ ಇಳಿಯುವಷ್ಟು ಆಯಿತೇ? ಸ್ವೀಡನ್ನಿನ ನೆಲ ಇಂದು ನಿಜವಾಗಿ ಏಳುವಷ್ಟೇ ಮಾದರಿಯಲ್ಲಿಯೂ ಏಳುತ್ತದೆಯೇ?

ಮಂಜುಗಡ್ಡೆ ತೀರ ದಪ್ಪವಾಗಿತ್ತು ಎಂದು ಲೆಕ್ಕ ಹೇಳಿದರೆ, ನೆಲ ಇಂದು ಇನ್ನೂ ವೇಗವಾಗಿ ಏಳಬೇಕಾಗುತ್ತದೆ. ಹಾಗೆ ಏಳುತ್ತಿಲ್ಲವೆಂದರೆ ಮಾದರಿಯಲ್ಲಿ ಎಲ್ಲೋ ತಪ್ಪಿದೆ ಎಂದರ್ಥ. ಆಗ ತಿದ್ದಬೇಕಾದದ್ದು ಲೆಕ್ಕವನ್ನು, ಬಂಡೆಯ ಗೆರೆಯನ್ನಲ್ಲ. ಸುಮಾರು 300 ವರ್ಷಗಳ ಹಿಂದೆ ಸೆಲ್ಸಿಯಸ್ ಕೆತ್ತಿಸಿದ ಗೆರೆಯ ಬೆಲೆ ಈಗ ತಿಳಿಯಿತೇ? ಸಮುದ್ರ ಇಳಿಯುತ್ತಿದೆ ಎಂಬ ಅವರ ಊಹೆ ತಪ್ಪಾಗಿತ್ತು. ಆದರೆ ಅವರು ಅಳತೆಯನ್ನು ಪ್ರಾಮಾಣಿಕವಾಗಿ ಮಾಡಿದ್ದರು. ಊಹೆ ಬಿದ್ದುಹೋಯಿತು, ಅಳತೆ ಉಳಿಯಿತು.

ನಮಗೇಕೆ ಈ ಲೆಕ್ಕ?

ಎಂದೋ ಕರಗಿದ ಮಂಜುಗಡ್ಡೆಯ ಚಿಂತೆ ನಮಗೇಕೆ ಎಂದು ನೀವು ಕೇಳಬಹುದು.

ಗ್ರೀನ್‌ಲೆಂಡ್ ಮತ್ತು ಅಂಟಾರ್ಕ್ಟಿಕಾಗಳ ಹಿಮಹೊದಿಕೆಗಳು ಈಗ ತೆಳ್ಳಗಾಗುತ್ತಿವೆ. ಗ್ರೀನ್‌ಲೆಂಡಿನ ಮಂಜುಗಡ್ಡೆ ಪೂರ್ತಿ ಕರಗಿದರೆ ಪ್ರಪಂಚದ ಸಮುದ್ರಗಳು ಸುಮಾರು 7 ಮೀಟರ್ ಏರುತ್ತವೆ. ಅಂಟಾರ್ಕ್ಟಿಕಾದ್ದು ಪೂರ್ತಿ ಕರಗಿದರೆ ಇನ್ನೂ 58 ಮೀಟರ್ ಏರುತ್ತದೆ. ಇದು ಇಂದು ನಾಳೆ ಆಗುವ ಸಂಗತಿಯಲ್ಲ. ಪೂರ್ತಿ ಕರಗಲು ಬಹಳ ಕಾಲ ಬೇಕು. ಆದರೆ ಸ್ವಲ್ಪ ಕರಗಿದರೂ ಕರಾವಳಿಯ ಊರುಗಳಿಗೆ ತೊಂದರೆ ತಪ್ಪದು. 1900ರಿಂದ ಈಚೆಗೆ ಸಮುದ್ರದ ಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ.

ಈ ಬಾರಿಯ ಬಿಸಿಗೆ ಕಾರಣ ಭೂಮಿಯ ನಡಿಗೆಯಲ್ಲ. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್‌ಗಳನ್ನು ನಾವು ಸುಡುವುದರಿಂದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತಿದೆ. ಅಂಟಾರ್ಕ್ಟಿಕಾದ ಮಂಜುಗಡ್ಡೆಯನ್ನು ಆಳವಾಗಿ ಕೊರೆದು, ಅದರಲ್ಲಿ ಸಿಕ್ಕಿಬಿದ್ದ ಹಳೆಯ ಗಾಳಿಯ ಗುಳ್ಳೆಗಳನ್ನು ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಕಳೆದ 8 ಲಕ್ಷ ವರ್ಷಗಳಲ್ಲಿ, ಕೈಗಾರಿಕೆಗಳು ಬರುವ ಮೊದಲು, 10 ಲಕ್ಷ ಭಾಗ ಗಾಳಿಯಲ್ಲಿ ಈ ಅನಿಲ 300 ಭಾಗವನ್ನು ದಾಟಿರಲಿಲ್ಲ. 2024ರಲ್ಲಿ ಅದು 420 ಭಾಗಕ್ಕೂ ಹೆಚ್ಚಿತ್ತು.

ಮುಂದೆ ಸಮುದ್ರ ಎಷ್ಟು ಏರಬಹುದು, ಎಷ್ಟು ಬೇಗ ಏರಬಹುದು ಎಂದು ಮೊದಲೇ ತಿಳಿದರೆ ಬಂದರು, ಸೇತುವೆ, ತಡೆಗೋಡೆ, ಮೀನುಗಾರರ ಮನೆಗಳು ಎಲ್ಲಿರಬೇಕು ಎಂದು ಯೋಚಿಸಬಹುದು. ಮುಂದಿನ ಕಾಲವನ್ನು ಯಾರೂ ನೋಡಿ ಬಂದಿಲ್ಲ. ಅಲ್ಲಿ ಗೆರೆ ಕೆತ್ತಿದ ಬಂಡೆ ಇಲ್ಲ, ಕಲ್ಲಿನ ದಿಬ್ಬವಿಲ್ಲ. ಆದುದರಿಂದ ವಿಜ್ಞಾನಿಗಳು ತಮ್ಮ ಮಾದರಿಯನ್ನು ಮೊದಲು ಹಿಂದಿನ ಕಾಲದಲ್ಲಿ ನಡೆಸಿ ನೋಡುತ್ತಾರೆ. ಕರಗಿಹೋದ ಹಿಮದ ಲೆಕ್ಕವನ್ನು ಸರಿಯಾಗಿ ಮಾಡಬಲ್ಲ ಮಾದರಿ, ಉಳಿದಿರುವ ಹಿಮದ ಬಗ್ಗೆ ಹೇಳುವ ಮಾತನ್ನು ಹೆಚ್ಚು ನಂಬಬಹುದು. ಆಗಲೂ ಒಂದೇ ಮಾದರಿಯನ್ನು ನೆಚ್ಚುವುದಿಲ್ಲ. ಹಲವು ಮಾದರಿಗಳನ್ನು ಹಲವು ಬಾರಿ ನಡೆಸಿ, ಇಷ್ಟರಿಂದ ಇಷ್ಟರವರೆಗೆ ಏರಬಹುದು ಎಂದು ಹೇಳುತ್ತಾರೆ.

ಮುಂದಿನ ಸಲ ಕಡಲ ತೀರಕ್ಕೆ ಹೋದಾಗ ತೆರೆ ಬಂದು ನಿಲ್ಲುವ ಜಾಗವನ್ನು ನೋಡಿ. ಆ ಗೆರೆ ಯಾವಾಗಲೂ ಅಲ್ಲಿಯೇ ಇರಲಿಲ್ಲ. ಅದು ಎಲ್ಲಿರಬೇಕೆಂದು ಹಿಂದೆ ದೂರದ ಮಂಜುಗಡ್ಡೆಗಳು ತೀರ್ಮಾನಿಸಿದ್ದವು. ಇನ್ನು ಮುಂದಿನ ತೀರ್ಮಾನದಲ್ಲಿ ಮನುಷ್ಯರ ಪಾಲೂ ಇದೆ.

ಅಭ್ಯಾಸ

ಉತ್ತರಿಸಿರಿ
1. ಸೆಲ್ಸಿಯಸ್ ಬಂಡೆಯ ಮೇಲೆ ಗೆರೆ ಕೆತ್ತಿಸಿದ್ದು ಏಕೆ? ಅವರ ಊಹೆ ಏನಾಗಿತ್ತು? ನಿಜ ಸಂಗತಿ ಏನು?
2. ಲೂಲಿಯೊ ಪಟ್ಟಣವನ್ನು ಸ್ಥಳಾಂತರಿಸಲು ಕಾರಣವೇನು?
3. ಹಿಮಹೊದಿಕೆ ದಪ್ಪವಾದಂತೆ ಅದರ ನೆತ್ತಿ ತಂಪಾಗುತ್ತದೆ. ಏಕೆ?
4. ಹಿಮಹೊದಿಕೆ ನಿಧಾನವಾಗಿ ಬೆಳೆದು ಬೇಗ ಕರಗಿದ್ದು ಹೇಗೆಂದು ನಿಮ್ಮ ಮಾತಿನಲ್ಲಿ ಬರೆಯಿರಿ.
5. "ಊಹೆ ಬಿದ್ದುಹೋಯಿತು, ಅಳತೆ ಉಳಿಯಿತು." ಈ ಮಾತನ್ನು ವಿವರಿಸಿರಿ.

ಲೆಕ್ಕ ಮಾಡಿರಿ
ಒಂದು ಊರಿನ ನೆಲ ವರ್ಷಕ್ಕೆ 8 ಮಿಲಿಮೀಟರ್ ಏಳುತ್ತದೆ. 50 ವರ್ಷಗಳಲ್ಲಿ ಎಷ್ಟು ಸೆಂಟಿಮೀಟರ್ ಏಳುತ್ತದೆ?

ಮಾಡಿ ನೋಡಿರಿ
ಹುಣಸೆ ಬೀಜದ ಆಟದಲ್ಲಿ 3, 2, 1, 0 ಬಂದ ಬಳಿಕ 1ನೆಯ ಮನೆಗೆ ಬೀಜ ಹಾಕುವುದನ್ನು ನಿಲ್ಲಿಸಿ. 3ನೆಯ ಮತ್ತು 4ನೆಯ ಮನೆಗಳಿಂದ ಒಂದೊಂದು ಬೀಜ ತೆಗೆಯುತ್ತಾ ಆಟ ಮುಂದುವರಿಸಿ. ಎಷ್ಟನೆಯ ಸುತ್ತಿನಲ್ಲಿ ಬದಲಾವಣೆ ನಿಲ್ಲುತ್ತದೆ? ನಿಜವಾದ ಮಂಜುಗಡ್ಡೆ ಹಾಗೆ ನಿಲ್ಲುವುದೇ? ನಮ್ಮ ಆಟದ ನಿಯಮಗಳಲ್ಲಿ ಏನನ್ನು ಸೇರಿಸಬೇಕು? ಗೆಳೆಯರೊಡನೆ ಚರ್ಚಿಸಿ ಬರೆಯಿರಿ.